ಸೂಜಿಗೆ ಸದ್ದು ಯಾವುದು

ಬುಡಾಪೆಸ್ಟಿನ ಕೋಬಾನ್ಯಾದಲ್ಲಿ, ಹಳೇ ಬಿಯರ್ ನೆಲಮಾಳಿಗೆಯೊಳಗೆ
ನನ್ನ ಕಸುಬು: ತೆರೆಯ ಮೇಲೆ ಓಡುವವನ ಕಾಲಿಗೆ
ಸದ್ದು ಕೊಡುವುದು.
ಮೂಳೆ ಮುರಿದರೆ ಸೆಲರಿ ದಂಟು,
ಹಿಮದಲ್ಲಿ ನಡೆದರೆ ಜೋಳದ ಹಿಟ್ಟಿನ ಚೀಲ,
ಚಾವಣಿಯಿಂದ ಚಾವಣಿಗೆ ಹಾರಿದರೆ
ಅಜ್ಜನ ತೊಗಲು ಕೋಟು, ಒಳಗೆ ಹನ್ನೆರಡು ಕಿಲೋ ಮರಳು.
ಇಪ್ಪತ್ತಾರು ವರ್ಷದಿಂದ
ಗೂಢಚಾರರೆಲ್ಲ ನನ್ನ ಬೂಟಿನಲ್ಲೇ ನಡೆದಿದ್ದಾರೆ.

ಮೊದಲ ಚಿತ್ರದಲ್ಲಿ ನಾಯಕನ ಬೆನ್ನು ತಿಹಮೇರನದು.
ಮುಖ ಬೇರೆಯವನದು,
ಅದು ಕಾರವಾನಿನಲ್ಲಿ ಕಾಫಿ ಕುಡಿಯುತ್ತಿತ್ತು.
ಎರಡು ಚಾವಣಿಗಳ ನಡುವಿನ ನಾಲ್ಕು ಮೀಟರಿಗೆ
ಅವನು ಸುರಿದದ್ದು ನಾಲ್ಕು ತಿಂಗಳ ಬೆಳಗು.
ಮೊದಲು ನೆಲದ ಮೇಲೆ, ಸೀಮೆಸುಣ್ಣದ ಗೆರೆಯಿಂದ ಗೆರೆಗೆ,
ಆಮೇಲೆ ಬೆಂಚಿನಿಂದ ಬೆಂಚಿಗೆ,
ಆಮೇಲೆ ಮೇಲೆ ಹೋಗಿ, ಕೆಳಗೆ ರಟ್ಟಿನ ಡಬ್ಬಗಳನ್ನಿಟ್ಟು,
ಆಮೇಲೆ ಡಬ್ಬ ತೆಗೆಸಿ.
ಹಾರುವ ಮೊದಲು ಹೆಬ್ಬೆರಳನ್ನು ನಾಲಿಗೆಗೆ ಒತ್ತಿಕೊಳ್ಳುತ್ತಿದ್ದ.
ಇಳಿದ ಮೇಲೆ ಎಡ ಮೊಣಕಾಲು ಒಮ್ಮೆ ಚಟಕ್ ಅನ್ನುತ್ತಿತ್ತು.
ಆ ಚಟಕ್ಕನ್ನು ನಾನು ಅಳಿಸಲಿಲ್ಲ.
ಜನ ಕುರ್ಚಿಯ ಕೈ ಹಿಡಿದದ್ದು ಅದಕ್ಕೇ ಎಂದು
ನನ್ನ ಲೆಕ್ಕ.

ಐದನೆಯ ಚಿತ್ರಕ್ಕೆ ಔಷಧ ಬಂತು.
ನೀಲಿ ಸೀಸೆ, ಕತ್ತಿನ ಹಿಂದೆ ಸೂಜಿ,
ಕಣ್ಣಪಾಪೆಯಲ್ಲಿ ಒಂದು ಮಿಂಚು.
ಒಂಬತ್ತು ಮಹಡಿ ಜಿಗಿದ. ಟೈ ಕೂಡ ಅಲುಗಲಿಲ್ಲ.
"ಉಸಿರು ತೆಗಿ" ಎಂದ ನಿರ್ದೇಶಕ,
"ಇವನಿಗೆ ಇನ್ನು ದಮ್ಮು ಕಟ್ಟುವುದಿಲ್ಲ."
ತೆಗೆದೆ.
"ಹೆಜ್ಜೆ ಇನ್ನೂ ಮನುಷ್ಯನದೇ" ಎಂದ.
ಕೋಟು ಬದಿಗಿಟ್ಟು ಲಾರಿಯ ಟೈರು ಕೆಡವಿದೆ.
ಖುಷಿಯಾಗಿ ಹೋದ.
ಸೂಜಿಗೆ ಸದ್ದು ಯಾವುದು?
ಬಿಟ್ಟಿ ಬಂದ ಬಲಕ್ಕೆ
ಯಾವ ದಂಟು ಮುರಿಯಲಿ?

ಸಿಟ್ಟು ಹೊತ್ತು ಟ್ರಾಮು ಹತ್ತಿ ತಿಹಮೇರನಲ್ಲಿಗೆ ಹೋದೆ.
ಶಾಲೆಯೊಂದರ ಜಿಮ್ಮಿನಲ್ಲಿ ಅವನೀಗ
ಮುದುಕಿಯರಿಗೆ ಬೀಳುವುದನ್ನು ಕಲಿಸುತ್ತಾನೆ.
ಬೀಳುವುದನ್ನೇ.
ಚಳಿಗಾಲಕ್ಕೆ ಮೊದಲು, ಮಂಜುಗಟ್ಟುವ ಕಾಲುದಾರಿಗಾಗಿ.
"ಗದ್ದ ಎದೆಗೆ, ಎಟೆಲ್ಕಾ ನೇನಿ!
ಕೈ ಊರಿದರೆ ಮಣಿಕಟ್ಟು ಹೋಯ್ತು,
ಭುಜದ ಮೇಲೆ ಉರುಳಿ, ನಾದಿದ ಹಿಟ್ಟಿನ ಹಾಗೆ."
ಎಂಬತ್ತೊಂದರ ಎಟೆಲ್ಕಾ ನೇನಿ ಉರುಳಿ, ಎದ್ದು,
ಕನ್ನಡಕ ಹುಡುಕಿಕೊಂಡು
ಇನ್ನೊಮ್ಮೆ ಅಂದರು.

ದೂರು ಒಪ್ಪಿಸಿದೆ: ಸೂಜಿ, ಸೀಸೆ, ಟೈರು,
ನಾಲ್ಕು ತಿಂಗಳನ್ನು ಒಂದು ಹನಿಯಲ್ಲಿ ಮುಗಿಸಿದ ಕಥೆಗಾರರು.
ಅವನು ನಕ್ಕು, ಪ್ಯಾಂಟಿನ ಮೇಲಿಂದ ಎಡ ಸೊಂಟ ತಟ್ಟಿಕೊಂಡ.
ಟಣ್ ಅನ್ನಲಿಲ್ಲ; ನನಗೆ ಮಾತ್ರ ಕೇಳಿಸಿತು.
"ಟೈಟಾನಿಯಂ. ಹೋದ ವರ್ಷ.
ನಾನೂ ಈಗ ಅವರ ಪಂಗಡ."
ಆಮೇಲೆ, ಚಾಪೆ ಮಡಚುತ್ತ:
"ಆದರೆ ಅದಕ್ಕೆ ನಡೆಯೋಕೆ ಬರ್ತಿರಲಿಲ್ಲ ಕಣೇ.
ಆರು ತಿಂಗಳು, ಆಸ್ಪತ್ರೆಯ ಸರಳು ಹಿಡಿದು,
ಗೆರೆಯಿಂದ ಗೆರೆಗೆ,
ನಾನೇ ಹೇಳಿಕೊಟ್ಟೆ."

ಉತ್ತರ ನನ್ನಲ್ಲಿರಲಿಲ್ಲ.
ಚೀಲದಲ್ಲಿ ಮೈಕು ಇತ್ತು.

ಮರದ ನೆಲದ ಮೇಲೆ ನಲವತ್ತು ಹೆಜ್ಜೆ ನಡೆಸಿದೆ.
ಬಲಗಾಲು ಹಗುರ. ಎಡಗಾಲು
ತುಸು ಯೋಚಿಸಿ.
ಬೇಡವೆಂದರೂ ಕೊನೆಗೆ ಬೆಂಚು ಹತ್ತಿದ,
ಹೆಬ್ಬೆರಳು ನಾಲಿಗೆಗೆ,
ಒಂದು ಉಸಿರು,
ಇಳಿದ.

ಟೈರಿನ ಸದ್ದಿನಡಿ ಆ ಉಸಿರನ್ನೂ ಹೆಜ್ಜೆಯನ್ನೂ ಬಚ್ಚಿಟ್ಟೆ,
ನಿರ್ದೇಶಕನ ಕಿವಿಗೆ ಸಿಗದಷ್ಟು ಕೆಳಗೆ.
ಇದು ಮೋಸವೇ? ಇರಬಹುದು.
ಗೂಢಚಾರರ ಜೊತೆ ಇಷ್ಟು ಕಾಲ ಇದ್ದವಳು ನಾನು.

ಡಿಸೆಂಬರಿನಲ್ಲಿ ಚಿತ್ರ ಬಂತು.
ಜಿಮ್ಮಿನ ಗುಂಪಿಗೆಲ್ಲ ಟಿಕೆಟು ಕೊಡಿಸಿದೆ.
ಸೂಜಿ ಇಳಿಯಿತು, ಮಿಂಚು ಬಂತು,
ಒಂಬತ್ತನೆಯ ಮಹಡಿಯಿಂದ ಅವನು ಕಾಲು ಎತ್ತಿದ.
ಸಾಲಿನಲ್ಲಿ ಪಾಪ್‌ಕಾರ್ನ್ ಮೆಲ್ಲುವುದು ನಿಲ್ಲಲಿಲ್ಲ.
ನನ್ನ ಪಕ್ಕದಲ್ಲಿ ಮಾತ್ರ
ಎಟೆಲ್ಕಾ ನೇನಿ, ಕತ್ತಲಲ್ಲಿ,
ಗದ್ದವನ್ನು ಎದೆಗೆ ಒತ್ತಿಕೊಂಡಿದ್ದರು.